ಯಾವ ಟೈರು ಹಾಕ್ಲಿ, ಮೇಡಂ?

ಟೈರಿನ ಅಂಗಡಿಯವರ ಫೋನು ಬಂದಾಗ ನಾನು ನಮ್ಮ ಯಜಮಾನರ ಬಲಗೈಗೆ ಅಂಗಿಯ ತೋಳು ಏರಿಸುತ್ತಿದ್ದೆ. ಸ್ವಾಧೀನ ತಪ್ಪಿದ ಕೈಗೆ ಮೊದಲು ತೋಳು ಹಾಕಬೇಕು, ಸರಿಯಿರುವ ಕೈಗೆ ಆಮೇಲೆ. ಇಷ್ಟು ಕಲಿಯಲು ನನಗೆ ಎರಡು ವಾರ ಹಿಡಿದಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು "ಹೇಳಿ" ಎಂದೆ.

"ಮೇಡಂ, ಸಾರ್ ಎಂಗವ್ರೆ ಅಂತ ಕೇಳೋಣ ಅಂತ ಮಾಡ್ದೆ. ತಪ್ಪು ತಿಳ್ಕೋಬೇಡಿ... ಆ ಕಾರು ಇನ್ನೂ ಸ್ಟ್ಯಾಂಡ್ ಮೇಲೇ ನಿಂತದೆ. ಎರಡು ತಿಂಗಳಾಗೋಯ್ತು. ಯಾವ ಟೈರು ಹಾಕ್ಲಿ, ಮೇಡಂ?"

ಕಾರಿನ ವಿಷಯ ನನಗೆ ಮರೆತೇ ಹೋಗಿತ್ತು. ಮನೆ ಮುಂದಿನ ಶೆಡ್ಡು ಖಾಲಿಯಿರುವುದನ್ನು ದಿನಾ ನೋಡುತ್ತಿದ್ದೆ. ಅಲ್ಲಿ ವೀಲ್‌ಚೇರನ್ನು ತೊಳೆದು ಒಣಗಿಸುತ್ತಿದ್ದೆ. ಆದರೂ ಅಲ್ಲಿ ನಿಲ್ಲಬೇಕಾದದ್ದು ಎಲ್ಲಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ಕೇಳಿ ಹೇಳ್ತೀನಿ" ಎಂದು ಫೋನಿಟ್ಟೆ. ಇಟ್ಟ ಮೇಲೆ, ಯಾರನ್ನು ಕೇಳುವುದು ಎಂದು ನಿಂತುಬಿಟ್ಟೆ.

ನಮ್ಮ ಯಜಮಾನರು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ಹುಟ್ಟಿದ್ದು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ನಾನು ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ನಮಗೆ ಮಕ್ಕಳಿಲ್ಲ. ಐವತ್ತು ಹತ್ತಿರವಾದಾಗ ಅವರು ಎರಡೇ ಸೀಟಿನ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದರು. ಕಡುಗೆಂಪು ಬಣ್ಣ, ಮೊಣಕಾಲೆತ್ತರಕ್ಕೆ ಕೂತ ಹಾಗೆ ಕಾಣುವ ಗಾಡಿ. ಜಯಲಕ್ಷ್ಮಿಪುರದ ನಮ್ಮ ರಸ್ತೆಯಲ್ಲಿ ಅದು ಬಂದ ದಿನ ಎದುರು ಮನೆಯವರು ಗೇಟಿಗೆ ಬಂದು ನೋಡಿದರು. "ಎರಡೇ ಸೀಟಾ?" ಎಂದು ನಾನು ಕೇಳಿದ್ದಕ್ಕೆ, "ನಾವಿರೋದು ಇಬ್ರೇ ಅಲ್ವೇನೇ" ಎಂದಿದ್ದರು. ಆ ಮಾತಿನಲ್ಲಿ ನೋವೇನೂ ಇರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಓಡಿಸಿಕೊಂಡು ಹೋಗಿ ಬರುವರು. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ. ಅಲ್ಲಿ ಕಾಸು ಕಟ್ಟಿದವರು ಯಾರಾದರೂ ತಮ್ಮ ಕಾರನ್ನು ಮನಸೋ ಇಚ್ಛೆ ಓಡಿಸಬಹುದು. ಜೊತೆಗೆ ಕಾರ್ಖಾನೆಯ ಒಬ್ಬ ಕಿರಿಯ ಸ್ನೇಹಿತರು ಹೋಗುತ್ತಿದ್ದರು, ನನ್ನನ್ನು ಅತ್ತಿಗೆ ಎಂದು ಕರೆಯುವವರು. ನಾನು ಒಂದೇ ಒಂದು ಸಲ ಹೋಗಿದ್ದೆ. ದೂರದಿಂದ ಒಂದು ಕೆಂಪು ಚುಕ್ಕೆ ಸುತ್ತುವುದನ್ನು ನೋಡುತ್ತಾ ಬಿಸಿಲಲ್ಲಿ ಕೂತಿದ್ದೆ. ಇಳಿದು ಬಂದಾಗ ಅವರ ಮುಖದಲ್ಲಿದ್ದ ಕಳೆಯನ್ನು ಮಾತ್ರ ನಾನು ಮರೆಯುವಂತಿಲ್ಲ.

ಈ ವರ್ಷದ ಆರಂಭದಿಂದಲೇ ಟೈರಿನ ಮಾತು ಶುರುವಾಗಿತ್ತು. ಇದ್ದ ಟೈರು ಸವೆದು ಒಳಗಿನ ತಂತಿ ಕಾಣುವ ಹಂತಕ್ಕೆ ಬಂದಿತ್ತು. ಹೊಸದು ಹಾಕಿಸಬೇಕು. ಟ್ರ್ಯಾಕಿನ ಟೈರೋ, ರೋಡಿನ ಟೈರೋ? ರಾತ್ರಿ ಊಟಕ್ಕೆ ಕೂತರೆ ಅದೇ ಮಾತು. ಟ್ರ್ಯಾಕಿನದಕ್ಕೆ ರಬ್ಬರು ಮೆತ್ತಗಿರುತ್ತದಂತೆ, ಬಿಸಿಯಾದಷ್ಟೂ ನೆಲವನ್ನು ಕಚ್ಚಿ ಹಿಡಿಯುತ್ತದಂತೆ. ಆದರೆ ಗೆರೆಗಳು ಕಡಿಮೆ. ಮಳೆಯಲ್ಲಿ ನೀರು ಸರಿದುಹೋಗಲು ದಾರಿಯಿಲ್ಲದೆ ಜಾರುತ್ತದೆ, ಬೇಗ ಸವೆಯುತ್ತದೆ. ರೋಡಿನದು ಎಲ್ಲ ಕಾಲಕ್ಕೂ ಆಗುತ್ತದೆ. ಆದರೆ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಕಾದು, ಕಿರುಚಿ, ಹಿಡಿತ ಬಿಡುತ್ತದೆ. ಸಾರಿನಲ್ಲಿ ಬೆರಳಾಡಿಸುತ್ತಾ ತಟ್ಟೆಯ ಅಂಚಿನಲ್ಲೇ ತಿರುವು ಬರೆದು ತೋರಿಸುವರು. ನಾನು ಹೂಂಗುಟ್ಟುತ್ತಾ ಮಜ್ಜಿಗೆ ಬಡಿಸುತ್ತಿದ್ದೆ.

"ನೀನೇ ಒಂದು ಹೇಳ್ಬುಡು ಕಣೇ, ಅದನ್ನೇ ಹಾಕಿಸ್ಬುಡ್ತೀನಿ" ಎಂದರು ಒಂದು ದಿನ.

"ಯಾವ್ದಾದ್ರೂ ಒಂದು ಹಾಕಿಸ್ರೀ. ಟೈರು ಟೈರೇ ತಾನೇ" ಎಂದೆ.

ಅವರು ನಕ್ಕರು. ಆ ಎರಡು ವಾಕ್ಯವನ್ನು ನಾನು ಆಮೇಲೆ ಎಷ್ಟು ಸಲ ಹಿಂದಕ್ಕೆ ತೆಗೆದುಕೊಂಡೆನೋ, ಹೇಳಿ ಪ್ರಯೋಜನವಿಲ್ಲ.

ಏಪ್ರಿಲಿನ ಒಂದು ಸಂಜೆ ಕೆಲಸ ಮುಗಿಸಿ ಬರುತ್ತಾ ಕಾರನ್ನು ಹೆಬ್ಬಾಳದ ಟೈರಿನ ಅಂಗಡಿಯಲ್ಲಿ ಬಿಟ್ಟು ಬಂದರು. ಅಂಗಡಿಯವರು ಇವರಿಗೆ ಹಳಬರು. ಅವರ ಒಂದು ಯಂತ್ರ ಕೆಟ್ಟಾಗ ಇವರೇ ಹೋಗಿ ರಿಪೇರಿ ಮಾಡಿಕೊಟ್ಟಿದ್ದರು. ಆ ಸಲುಗೆಯಿಂದ ಅವರು ಎರಡೂ ಬಗೆಯ ಟೈರುಗಳನ್ನು ತರಿಸಿಟ್ಟಿದ್ದರು. ಹಳೆಯವನ್ನು ಬಿಚ್ಚಿ, ಕಾರನ್ನು ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ ಆಗಿತ್ತು. "ಬೆಳಿಗ್ಗೆ ಬಂದು ಹೇಳ್ತೀನಿ" ಎಂದು ಇವರು ಆಟೋದಲ್ಲಿ ಮನೆಗೆ ಬಂದರು. ಊಟ ಮಾಡಿದರು. ಟೈರಿನ ಬಗ್ಗೆ ಅವತ್ತು ಒಂದು ಮಾತೂ ಆಡಲಿಲ್ಲ. ತೀರ್ಮಾನ ಮಾಡಿಯಾಗಿದೆ ಎಂದುಕೊಂಡೆ, ಏನೆಂದು ಕೇಳಲಿಲ್ಲ.

ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರು, ಮೈಮೇಲೆ ಸೋಪಿನ ನೊರೆ. ಬಾಯಿ ಒಂದು ಕಡೆಗೆ ಎಳೆದಿತ್ತು. ನನ್ನನ್ನೇ ನೋಡುತ್ತಾ ಏನೋ ಹೇಳಿದರು, ಅದು ಮಾತಾಗಿರಲಿಲ್ಲ. ಆಸ್ಪತ್ರೆಯಲ್ಲಿ ಪ್ರಾಣ ಉಳಿಸಿಕೊಟ್ಟರು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: "ಹೂಂ."

ಫೋನಿಟ್ಟ ಮೇಲೆ ನಾನು ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಅಂಗಡಿಯವರು ಕಳಿಸಿದ ಎರಡು ಫೋಟೋ ತೋರಿಸಿದೆ.

"ರೀ, ಕಾರಿಗೆ ಟೈರು. ಇದು ಟ್ರ್ಯಾಕಿಂದು. ಇದು ಹಾಕಿಸ್ಲಾ?"

"ಹೂಂ" ಎಂದರು, ಕಣ್ಣರಳಿಸಿ.

ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇನ್ನೊಂದು ಫೋಟೋ ತೋರಿಸಿ, "ಇದು ರೋಡಿಂದು. ಇದು ಹಾಕಿಸ್ಲಾ?" ಎಂದೆ.

"ಹೂಂ" ಎಂದರು, ಅಷ್ಟೇ ಕಣ್ಣರಳಿಸಿ.

ಮಾತಿನ ಚಿಕಿತ್ಸೆಗೆ ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕಲಿಸುತ್ತಿದ್ದವಳು ಇಪ್ಪತ್ತೈದರ ಹುಡುಗಿ, ತಾಳ್ಮೆಯ ಮೂರ್ತಿ. ಅವಳಿಗೆ ಇದನ್ನು ಹೇಳಿದೆ. ಅವಳು ನಮ್ಮ ಯಜಮಾನರನ್ನು ಕೇಳಿದಳು: "ಸಾರ್, ಇದು ಪೆನ್ನಾ?" ಹೂಂ ಎಂದರು. ಅದೇ ಪೆನ್ನು ಹಿಡಿದು, "ಸಾರ್, ಇದು ಬಾಚಣಿಗೆನಾ?" ಎಂದಳು. ಹೂಂ ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದಳು.

"ಮೇಡಂ, ಅವ್ರು ಹೂಂ ಅಂದಿದ್ದನ್ನ ಸದ್ಯಕ್ಕೆ ಉತ್ತರ ಅಂತ ತಗೋಬೇಡಿ. ಬಾಯಿಂದ ಅದೊಂದೇ ಬರ್ತಿದೆ. ಒಳಗೆ ಬೇರೆ ಏನೋ ಇರಬಹುದು."

"ಒಳಗಿರೋದು ಗೊತ್ತಾಗೋದು ಹೇಗಮ್ಮಾ?"

"ಅದಕ್ಕೇ ಟೈಮ್ ಬೇಕು ಮೇಡಂ."

ಅಂಗಡಿಯವರಿಗೆ ಟೈಮ್ ಇರಲಿಲ್ಲ. ಪಾಪ, ಅವರು ಗಡುಸಾಗಿ ಏನೂ ಹೇಳಲಿಲ್ಲ. ಎರಡು ಸೆಟ್ಟಿನಲ್ಲಿ ಒಂದನ್ನು ವಾಪಸು ಕಳಿಸಬೇಕಿತ್ತು, ಅಂಗಡಿಯಲ್ಲಿ ಗಾಡಿ ನಿಲ್ಲಿಸಲು ಇದ್ದ ಎರಡೇ ಜಾಗದಲ್ಲಿ ಒಂದನ್ನು ನಮ್ಮ ಕಾರು ಹಿಡಿದು ನಿಂತಿತ್ತು. ಬೇರೆ ಯಾವುದಾದರೂ ಹಳೆಯ ಟೈರು ಹಾಕಿ ಕಳಿಸಿಬಿಡಿ ಎಂದರೆ ಆ ಅಳತೆಯದು ಎಲ್ಲೂ ಸಿಗುವುದಿಲ್ಲವಂತೆ.

ಸ್ನೇಹಿತರನ್ನು ಕೇಳೋಣವೆಂದು ಫೋನ್ ಮಾಡಿದೆ. ಅವರು ಒಂದು ಕ್ಷಣವೂ ತಡೆಯದೆ, "ಟ್ರ್ಯಾಕಿಂದೇ ಅತ್ತಿಗೆ. ಅಣ್ಣ ನನ್ ಹತ್ರ ಹೇಳಿದ್ರಲ್ಲ, ಈ ಸಲ ಏನಾದ್ರಾಗ್ಲಿ ಅಂತ. ಅವರ ಆಸೆ ಅದೇ ಇತ್ತು" ಎಂದರು. ಅದನ್ನೇ ಅಂಗಡಿಯವರಿಗೆ ತಿಳಿಸಿದೆ. ಅವರು, "ಅಂಗಂದ್ರಾ ಅವ್ರು? ಕಾರ್ ಬಿಟ್ಟೋದ್ರಲ್ಲ, ಅವತ್ತು ಸಂಜೆ ನಂಗೇಳಿದ್ದು ಬೇರೆ ಕಣ್ ಮೇಡಂ. ರೋಡಿಂದೇ ಹಾಕ್ಬುಡೋಣ ಕಣಪ್ಪ, ಮನೇವ್ರನ್ನೂ ಕೂರಿಸ್ಕಂಡು ಹೋಗ್ಬೇಕು, ಮಳೆಗಾಲ ಬೇರೆ, ಅಂದ್ರು. ಆಮೇಲೆ ಬಾಗ್ಲವರ್ಗೂ ಹೋದವ್ರು ತಿರುಗಿ, ಬೇಡ, ಬೆಳಿಗ್ಗೆ ಬಂದೇ ಹೇಳ್ತೀನಿ ಅಂದ್ರು" ಎಂದರು.

ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರಿಗೂ ನಮ್ಮ ಯಜಮಾನರು ಹೇಳಿದ್ದ ಮಾತು ನಿಜವೇ. ನನಗೆ ಮಾತ್ರ ಏನೂ ಹೇಳಿರಲಿಲ್ಲ. ಹೇಳಲು ಬಂದಾಗ ನಾನು ಮಜ್ಜಿಗೆ ಬಡಿಸಿದ್ದೆ.

ಕೊನೆಗೆ ನಮ್ಮ ಯಜಮಾನರನ್ನೇ ಅಂಗಡಿಗೆ ಕರೆದುಕೊಂಡು ಹೋದರೆ ಏನಾದರೂ ದಾರಿ ಸಿಕ್ಕೀತು ಎನ್ನಿಸಿತು. ಟೈರನ್ನು ಮುಟ್ಟಿ ನೋಡಿದರೆ ಕೈಯಾದರೂ ಹೇಳಬಹುದು. ಸ್ನೇಹಿತರು ರಜೆ ಹಾಕಿ ಬಂದರು. ಬಾಡಿಗೆ ಕಾರಿನಲ್ಲಿ ಮೂವರೂ ಹೆಬ್ಬಾಳಕ್ಕೆ ಹೊರಟೆವು. ಕಾರ್ಖಾನೆಯ ರಸ್ತೆ ಬರುತ್ತಲೇ ನಮ್ಮ ಯಜಮಾನರು ಕಿಟಕಿಯ ಕಡೆ ಬಾಗಿದರು. ಶಿಫ್ಟ್ ಬಿಟ್ಟ ಜನ ಬಸ್ಸಿಗೆ ನಿಂತಿದ್ದರು. ಅದರಲ್ಲಿ ಇಬ್ಬರು ಮೂವರು ಗುರುತಿನವರೇ. ಅವರು ಇತ್ತ ನೋಡಲಿಲ್ಲ.

ಅಂಗಡಿಯಲ್ಲಿ ವೀಲ್‌ಚೇರಿನಲ್ಲಿ ಕೂರಿಸಿ ಒಳಗೆ ತಳ್ಳಿದೆವು. ಕಾರು ಮೂಲೆಯಲ್ಲಿ ಚಕ್ರವಿಲ್ಲದೆ ನಿಂತಿತ್ತು. ಧೂಳು ಕೂತು ಬಣ್ಣ ಮಂಕಾಗಿತ್ತು. ಅಂಗಡಿಯವರು ಎರಡು ಟೈರು ಉರುಳಿಸಿ ತಂದು ಅವರ ಮುಂದೆ ಗೋಡೆಗೆ ಆನಿಸಿದರು. "ನೋಡಿ ಸಾರ್, ನೀವು ಕೇಳಿದ್ದವೇ" ಎಂದರು.

ನಮ್ಮ ಯಜಮಾನರು ಎಡಗೈ ಚಾಚಿದರು. ಮೊದಲು ಟ್ರ್ಯಾಕಿನ ಟೈರಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿದರು. ಉಗುರು ಇಳಿದ ಗುರುತು ಮೂಡಿತು. ಆಮೇಲೆ ರೋಡಿನ ಟೈರಿನ ಗೆರೆಗಳೊಳಗೆ ಬೆರಳು ಹರಿಸಿದರು. ಎಂಥ ಗಮನ! ಹಳೆಯ ಮನುಷ್ಯನೇ ಅಲ್ಲಿ ಕೂತ ಹಾಗಿತ್ತು. ನಾವು ಮೂವರೂ ಅವರ ಬೆರಳನ್ನೇ ನೋಡುತ್ತಿದ್ದೆವು.

ಇದ್ದಕ್ಕಿದ್ದಂತೆ ಅವರು ತಲೆಯೆತ್ತಿ, "ಹೂಂ! ಹೂಂ!" ಎಂದು ಕೂಗಿದರು.

"ಯಾವ್ದು ಅಣ್ಣ? ಇದಾ?" ಸ್ನೇಹಿತರು ಟ್ರ್ಯಾಕಿನ ಟೈರು ಮುಂದಕ್ಕೆ ತಂದರು. ನಮ್ಮ ಯಜಮಾನರು ಅದನ್ನು ನೂಕಿದರು. ನಾನೇ ರೋಡಿನ ಟೈರು ಉರುಳಿಸಿ ತಂದೆ. ಅದನ್ನೂ ನೂಕಿದರು. ಮುಖ ಕೆಂಪಾಯಿತು. "ಹೂಂ! ಹೂಂ! ಹೂಂ!" ಎಡಗೈ ಬಾಗಿಲ ಕಡೆ, ನನ್ನ ಕಡೆ, ಮತ್ತೆ ಬಾಗಿಲ ಕಡೆ. "ಕಾರ್ ಹತ್ರ ಹೋಗ್ಬೇಕಾ? ವೀಲಿಗೆ ಹಾಕಿ ತೋರಿಸ್ಬೇಕಾ? ರೀ, ನಿಧಾನವಾಗಿ ತೋರಿಸಿ" ಎಂದು ನಾನು ಟೈರು ಹಿಡಿದುಕೊಂಡೇ ಗೋಗರೆಯುತ್ತಿದ್ದೆ. ಎರಡು ಕೈಗೂ ಕರಿ ಹತ್ತಿತ್ತು. ಅವರ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಕೂಗು ನಿಂತಿತು.

ವೀಲ್‌ಚೇರಿನ ಕೆಳಗೆ ಸಿಮೆಂಟು ನೆಲದ ಮೇಲೆ ಒದ್ದೆ ಹರಿಯುವುದನ್ನು ಮೊದಲು ಕಂಡವರು ಅಂಗಡಿಯವರು.

ನಮ್ಮ ಯಜಮಾನರು ಕೇಳುತ್ತಿದ್ದದ್ದು ಅದನ್ನು. ಅಷ್ಟು ಹೊತ್ತೂ ಅವರು ಕೇಳುತ್ತಿದ್ದದ್ದು ಅದೊಂದನ್ನೇ. ನಾನು ಮುಂದೆ ನಿಂತು ಒಂದಾದ ಮೇಲೊಂದು ಟೈರು ತೋರಿಸುತ್ತಿದ್ದೆ.

ಅಂಗಡಿಯವರು ಶಟರನ್ನು ಅರ್ಧ ಎಳೆದರು. ಒಳಗಿನಿಂದ ಒಂದು ಒಗೆದ ಪಂಚೆ ತಂದು ಅವರ ತೊಡೆಯ ಮೇಲೆ ಹೊದಿಸಿದರು. ಸ್ನೇಹಿತರು ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತರು. ನಾನು ಒರೆಸಿದೆ. ನಮ್ಮ ಯಜಮಾನರು ನನ್ನನ್ನು ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ಮನೆಯವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು.

ಅವತ್ತಿನಿಂದ ಅವರನ್ನು ಟೈರಿನ ಬಗ್ಗೆ ಕೇಳುವುದನ್ನು ಬಿಟ್ಟೆ. ಹಾಗೆಂದು ತೀರ್ಮಾನ ಸುಲಭವಾಗಲಿಲ್ಲ. ರೋಡಿನದು ಹಾಕಿಸಿದರೆ, ಇನ್ನು ನೀವು ಟ್ರ್ಯಾಕಿಗೆ ಹೋಗುವುದು ಮುಗಿಯಿತು ಎಂದು ನಾನೇ ಬರೆದುಕೊಟ್ಟ ಹಾಗೆ. ಟ್ರ್ಯಾಕಿನದು ಹಾಕಿಸಿದರೆ, ಆಗದೇ ಇರುವುದನ್ನು ಆದೀತು ಎಂದು ಅವರ ಕಣ್ಣೆದುರು ನಾಟಕವಾಡಿದ ಹಾಗೆ. ಆಫೀಸಿನಲ್ಲಿ ಅಂಕಪಟ್ಟಿಗಳ ಕಟ್ಟು ಬಿಚ್ಚುತ್ತಾ ಇದನ್ನೇ ಯೋಚಿಸುವೆ. ಪಕ್ಕದ ಮೇಜಿನವರಿಗೆ ಒಂದು ದಿನ ಬಾಯಿಬಿಟ್ಟು ಹೇಳಿದೆ. "ಅಯ್ಯೋ, ಆ ಕಾರನ್ನೇ ಮಾರಿಬುಡಿ ಕಣ್ರೀ" ಎಂದರು. ಅದು ತಪ್ಪು ಸಲಹೆಯಲ್ಲ. ಆದರೆ ಮಾರಬೇಕೆಂದರೂ ಅದು ಯಾವುದೋ ಒಂದು ಟೈರಿನ ಮೇಲೆ ನಿಲ್ಲಬೇಕು.

ಜೂನ್ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಮಳೆ ಜೋರಾಗಿ ಬರುತ್ತಿದ್ದಾಗ ಅಂಗಡಿಯವರು ಮತ್ತೆ ಫೋನ್ ಮಾಡಿದರು. ಕಾರನ್ನು ಅಲ್ಲಿಂದ ಮನೆಗೆ ಯಾರು ತರುತ್ತಾರೆ ಎಂದು ನಾನು ಕೇಳಿದೆ. ಸ್ನೇಹಿತರು ಸಂಜೆ ಬರುತ್ತೇನೆ ಎಂದಿದ್ದಾರೆ ಎಂದರು. ಸ್ನೇಹಿತರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಹೆಬ್ಬಾಳದಿಂದ ನಮ್ಮ ಮನೆಗೆ ನಾಲ್ಕೈದು ಕಿಲೋಮೀಟರು. ರಸ್ತೆಯ ತುಂಬ ನೀರು.

"ರೋಡಿಂದು ಹಾಕಿ" ಎಂದೆ.

ಅಷ್ಟೇ. ಮೂರು ತಿಂಗಳು ನಮ್ಮ ಯಜಮಾನರು ತಲೆ ಕೆಡಿಸಿಕೊಂಡಿದ್ದಕ್ಕೆ, ಇಷ್ಟು ದಿನ ನಾನು ಒದ್ದಾಡಿದ್ದಕ್ಕೆ ಸಿಕ್ಕ ಉತ್ತರ ಒಂದು ಸಂಜೆಯ ಮಳೆ.

ಕಾರು ಬಂದಾಗ ಅವರು ಜಗುಲಿಯಲ್ಲಿ ಕೂತಿದ್ದರು. ಇಂಜಿನ್ನಿನ ಸದ್ದು ತಿರುವಿನಲ್ಲಿ ಕೇಳುತ್ತಲೇ ಅವರ ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು. ಸ್ನೇಹಿತರು ಶೆಡ್ಡಿಗೆ ನಿಲ್ಲಿಸಿ ಇಳಿದು, ನೆನೆದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಅಣ್ಣ, ಬಂತು ನೋಡಿ" ಎಂದರು. ನಮ್ಮ ಯಜಮಾನರು ಮುಂದಿನ ಚಕ್ರವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಸ್ಪಷ್ಟವಾಗಿ, ಮೊದಲಿನ ದನಿಯಲ್ಲೇ ಹೇಳಿದರು:

"ಅದಲ್ಲ."

ನಾನು ಕೈಯಲ್ಲಿದ್ದ ಕಾಫಿಯ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟೆ. ಎರಡೂವರೆ ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು. ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. "ಟ್ರ್ಯಾಕಿಂದು ಬೇಕಿತ್ತೇನ್ರೀ? ಬದಲಾಯಿಸ್ತೀನಿ, ಇನ್ನೂ ವಾಪಸ್ ಕಳಿಸಿಲ್ಲ ಅವ್ರು" ಎಂದೆ.

"ಅದಲ್ಲ" ಎಂದರು.

ರಾತ್ರಿ ಅನ್ನ ಕಲಸಿ ಬಾಯಿಗಿಟ್ಟರೆ ಅದಲ್ಲ. ಬೆಳಿಗ್ಗೆ ನೀಲಿ ಅಂಗಿ ಅದಲ್ಲ, ಬಿಳಿ ಅಂಗಿಯೂ ಅದಲ್ಲ. ಚಿಕಿತ್ಸೆಯ ಹುಡುಗಿ ಮಾತ್ರ ಚಪ್ಪಾಳೆ ತಟ್ಟಿದಳು. "ಹೊಸ ಮಾತು ಬಂತಲ್ಲ ಮೇಡಂ! ಸ್ವಲ್ಪ ದಿನ ಇದೇ ಎಲ್ಲದಕ್ಕೂ ಬರುತ್ತೆ, ಗಾಬರಿಯಾಗ್ಬೇಡಿ." ಹಾಗಾದರೆ ಮೊದಲನೆಯ ಸಲ ಹೇಳಿದ್ದು ಟೈರಿಗೋ ಇಲ್ಲವೋ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಗೊತ್ತಾಗುವುದಿಲ್ಲ ಎಂಬುದನ್ನು ಅವಳು ಹಾಗೆ ಹೇಳಿದಳು.

ಇನ್ನೊಂದು ಸೆಟ್ಟು ವಾಪಸು ಹೋಯಿತು. ನಾನೇ ಕಳಿಸಿಬಿಡಿ ಎಂದೆ.

ಮಳೆ ಬಿಟ್ಟ ಒಂದು ಭಾನುವಾರ ಸ್ನೇಹಿತರು ಅವರನ್ನು ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆಂದು ಬಂದರು. ಸೀಟು ನೆಲಕ್ಕೆ ಹತ್ತಿರವಿರುವುದರಿಂದ ಕೂರಿಸುವುದು ಕಷ್ಟವಾಗಲಿಲ್ಲ, ಜಾರಿ ಕೂತರು. ಬೆಲ್ಟು ಹಾಕಿದೆ. ಬಲಗಾಲನ್ನು ಎತ್ತಿ ಒಳಗಿಟ್ಟೆ. ಬಾಗಿಲು ಹಾಕಿದ ಮೇಲೆ ನನಗೆ ಹೊಳೆಯಿತು, ನಾನು ಹೋಗುವಂತಿಲ್ಲ. ಸೀಟು ಎರಡೇ. ಅವರಿಗೆ ಬಾಯಾರಿದರೆ, ಬೇರೇನಾದರೂ ಬೇಕಾದರೆ ತಿಳಿಯುವವರು ಯಾರು? ನನಗೇ ತಿಳಿದಿರಲಿಲ್ಲವಲ್ಲ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಕಾರು ರಸ್ತೆಯ ಕೊನೆಯಲ್ಲಿ ತಿರುಗಿತು. ಗೇಟಿಗೆ ಕೈಯಿಟ್ಟುಕೊಂಡು ಮುಕ್ಕಾಲು ಗಂಟೆ ಹಾಗೇ ನಿಂತಿದ್ದೆ.

ವಾಪಸು ಬಂದಾಗ ಅವರನ್ನು ಹೊರಗೆ ತೆಗೆಯಲು ಆಗಲಿಲ್ಲ. ಅಷ್ಟು ತಗ್ಗಿನಿಂದ ಆ ಮೈಯನ್ನು ಮೇಲೆತ್ತುವುದು ನಮ್ಮಿಬ್ಬರ ಕೈಲಿ ಸಾಧ್ಯವಿರಲಿಲ್ಲ. ಎದುರು ಮನೆಯವರು ಬಂದರು, ಹೂವು ಮಾರುವಾಕೆ ಬುಟ್ಟಿ ಇಳಿಸಿ ಬಂದಳು. "ಯಪ್ಪಾ, ಎಡಗಾಲು ಊರಿ, ನಾನಿಡ್ಕಂಡಿವ್ನಿ" ಎಂದು ಅವಳೇ ಸೊಂಟಕ್ಕೆ ಕೈ ಹಾಕಿದಳು. ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿದೆವು. ಅವರ ಬಾಯಿ ಅಗಲವಾಗಿತ್ತು, ಕಣ್ಣಲ್ಲಿ ನೀರಿತ್ತು. ನಗುವೋ ಅಳುವೋ ಎಂದು ನಾನು ಹತ್ತಿರದಿಂದ ನೋಡಿದೆ.

ಒಳಗೆ ಮಲಗಿಸಿ ಬಂದು ಸ್ನೇಹಿತರನ್ನು ಕೇಳಿದೆ, ಹೇಗಿದ್ದರು ಎಂದು.

"ಬೆಟ್ಟದ ತಿರುವಲ್ಲಿ ಬಾಗ್ಲು ಗಟ್ಟಿಯಾಗಿ ಹಿಡ್ಕೊಂಡ್ರು ಅತ್ತಿಗೆ. ಹೆದರಿದ್ರು ಅಂತ ನಾನು ನಿಧಾನ ಮಾಡ್ದೆ. ನಿಧಾನ ಮಾಡಿದ್ಮೇಲೆ ನನ್ ಕಡೆ ತಿರುಗಿ ನೋಡಿದ್ರು. ಜೋರಾಗಿ ಹೋಗು ಅಂದ್ರೋ ಏನೋ. ಗೊತ್ತಾಗ್ಲಿಲ್ಲ" ಎಂದರು. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ, ಮತ್ತೆ ಬಂದು ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಅವರು ಬರುವುದು ಕಡಿಮೆಯಾಯಿತು. ಅದನ್ನು ನಾನು ತಪ್ಪೆಂದುಕೊಳ್ಳಲಾರೆ.

ಈಗ ನಮ್ಮ ಯಜಮಾನರಿಗೆ ಹತ್ತು ಹನ್ನೆರಡು ಮಾತು ಬರುತ್ತವೆ. ನೀರು, ನೋವು, ಬೇಡ, ಸಾಕು. ಮೊನ್ನೆ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಿದ್ದಾಗ ನನ್ನ ಮುಖ ನೋಡಿ "ನೀನು" ಎಂದರು. ಮುಂದಿನ ಮಾತಿಗೆ ಕಾದೆ. ತುಟಿ ಎರಡು ಸಲ ಅಲುಗಿತು, ಹಣೆಯಲ್ಲಿ ಬೆವರೊಡೆಯಿತು, ಏನೂ ಬರಲಿಲ್ಲ. "ಪರವಾಗಿಲ್ಲ ಬಿಡಿ" ಎಂದು ಪೇಪರ್ ಮಡಿಸಿಟ್ಟು, ಆಫೀಸಿಗೆ ಹೊತ್ತಾಯಿತೆಂದು ತಲೆ ಬಾಚಿಕೊಳ್ಳಲು ಒಳಗೆ ಹೋದೆ.